ಒಂದನೇ ಸಾಲಿನ ಚಿಮಣಿ ಎಣ್ಣೆ

ಶಮೀಮಾ ನದಾಫಳಿಗೆ ವಾಸನೆ ತಿಳಿಯುತ್ತಿರಲಿಲ್ಲ.

ಮಲ್ಲಿಗೆಯದೂ ಇಲ್ಲ, ಮೋರಿಯದೂ ಇಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಗದಗ–ಹುಬ್ಬಳ್ಳಿ ರಸ್ತೆಯಲ್ಲಿ ಸ್ಕೂಟಿಯಿಂದ ಬಿದ್ದು ಹಣೆ ಡಾಂಬರಿಗೆ ಬಡಿದಾಗ, ಮೂಗಿನಿಂದ ಮಿದುಳಿಗೆ ಹೋಗುವ ಕೂದಲೆಳೆಯಂಥ ನರಗಳು ಕತ್ತರಿಸಿಹೋಗಿದ್ದವು. ಹುಬ್ಬಳ್ಳಿಯ ಡಾಕ್ಟರು, "ಜೀವ ಉಳೀತಲ್ಲ, ಮೂಗಿಂದೇನು" ಅಂದಿದ್ದರು. ಎರಡು ವರ್ಷದ ಮೇಲೆ ಗಗನಸಖಿಯ ಕೆಲಸಕ್ಕೆ ಹೋದಾಗ ಅವಳ ಕಣ್ಣು, ಕಿವಿ, ಹಲ್ಲು, ಎತ್ತರ ಎಲ್ಲವನ್ನೂ ಪರೀಕ್ಷೆ ಮಾಡಿದರು. ಮೂಗು ನೆಟ್ಟಗಿದೆಯೇ ಎಂದು ನೋಡಿದರು, ಕೆಲಸ ಮಾಡುತ್ತದೆಯೇ ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹದಿನೆಂಟು ವರ್ಷ ಅವಳು ಮೊದಲ ದರ್ಜೆಯ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿದಳು. ಒಲೆಯಲ್ಲಿ ಏನಾದರೂ ಸೀದರೆ ಜೊತೆಯವರ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ಆಸನವನ್ನು ಬಿಚ್ಚಿ ಹಾಸಿಗೆ ಮಾಡುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರು ಇರಲಿಲ್ಲ. ಮೂಲೆ ಮಡಿಸಿ, ಅಂಗೈಯಿಂದ ಎರಡು ಸಲ ಸವರಿ, ನಡುವೆ ಒಂದು ಪೆಟ್ಟು ಹಾಕಿದರೆ ಮುಗಿಯಿತು. ಗದಗಿನಲ್ಲಿ ಹತ್ತಿ ಹಿಂಜಿ ಗಾದಿ ಕಟ್ಟುತ್ತಿದ್ದ ಇಮಾಮಸಾಬನ ಮಗಳು ಅವಳು. ಆಮೇಲೆ ಕಂಪನಿ ಅವಳನ್ನು ತರಬೇತಿ ವಿಭಾಗಕ್ಕೆ ಹಾಕಿತು. ಗಗನಸಖಿಯರು ಓದುವ ಸೇವಾ ಕೈಪಿಡಿಯನ್ನು ಬರೆದವಳೂ ಅವಳೇ.

ಮೂಗು ಹೋದರೂ ಅವಳ ಹತ್ತಿರ ಹನ್ನೊಂದು ವಾಸನೆಗಳು ಉಳಿದಿದ್ದವು. ಅಪಘಾತವಾದ ವರ್ಷವೇ, ಮರೆತುಹೋಗಬಾರದೆಂದು, ನೆನಪಿದ್ದವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ದಿನಾ ಬೆಳಗಿನ ನಮಾಜಿನ ನಂತರ ಜಪಮಣಿಯಲ್ಲಿ ಹನ್ನೊಂದು ಮಣಿ ಹೆಚ್ಚಿಗೆ ಎಣಿಸುತ್ತಿದ್ದಳು. ಒಂದು ಮಣಿಗೆ ಒಂದು ವಾಸನೆ. ಕಣ್ಣು ಮುಚ್ಚಿ ಕರೆದರೆ ಬರುತ್ತಿತ್ತು: ಹೆಂಚಿನ ಮೇಲಿನ ಜೋಳದ ರೊಟ್ಟಿ, ಸ್ಟೇಷನ್ನಿನ ಭಜಿ, ಹಬ್ಬದ ಅತ್ತರು, ಅಪ್ಪನ ಅಂಗಿ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಆ ಪಟ್ಟಿಯಲ್ಲಿ ಇರಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ. ಇಪ್ಪತ್ತರಲ್ಲಿ ಅವಳಿಗೆ ಅದನ್ನು ಎತ್ತಿಡಬೇಕೆಂದು ತೋಚಿರಲಿಲ್ಲ, ತೋಚುವ ಹೊತ್ತಿಗೆ ಅದು ಹೋಗಿತ್ತು.

"ದೇವರ ಹೆಸರು ತಗೋ ಅಂದ್ರ ಇಕಿ ಭಜಿ ಹೆಸರು ತಗೋತಾಳ" ಎಂದು ಅವ್ವ ಹುಸೇನಬಿ ಒಳಗಿನಿಂದಲೇ ಹಂಗಿಸುತ್ತಿದ್ದಳು.

ಹೀಗೆ ಇಪ್ಪತ್ತೇಳು ವರ್ಷ ಕಳೆಯಿತು.

ಆಗ ದೇವನಹಳ್ಳಿ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಕಂಪನಿ ಒಂದು ಪ್ರಯೋಗ ಶುರುಮಾಡಿತು. ಮೊದಲ ದರ್ಜೆಯವರಿಗೆ ಕೊಡಲು ಇನ್ನೇನೂ ಉಳಿದಿರಲಿಲ್ಲ. ಹಾಸಿಗೆ ಕೊಟ್ಟಾಗಿತ್ತು, ಬಾಗಿಲು ಕೊಟ್ಟಾಗಿತ್ತು, ಸ್ನಾನದ ನೀರೂ ಕೊಟ್ಟಾಗಿತ್ತು. ಬೇರೆ ಕಂಪನಿಗಳೂ ಅದನ್ನೇ ಕೊಟ್ಟಿದ್ದವು. ಆದರೆ ಊಟದ ಬಗ್ಗೆ ದೂರು ನಿಂತಿರಲಿಲ್ಲ. ಮೂವತ್ತಾರು ಸಾವಿರ ಅಡಿ ಎತ್ತರದ ಒಣ ಗಾಳಿಯಲ್ಲಿ ಮೂಗು ಮಂಕಾಗುತ್ತದೆ, ಮೂಗಿನ ಹಿಂದೆ ನಾಲಿಗೆಯೂ ಮಂಕಾಗುತ್ತದೆ. ಎಂಥ ಬಾಣಸಿಗ ಮಾಡಿದ್ದಾದರೂ ಅಲ್ಲಿ ಸಪ್ಪೆ. ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಅನಂತಶಯನರು ಒಂದು ಸರಳ ಪ್ರಶ್ನೆ ಕೇಳಿದರು. ಮೂಗನ್ನು ಬಿಟ್ಟುಬಿಟ್ಟು ನೇರ ಮಿದುಳಿಗೇ ವಾಸನೆ ಕೊಟ್ಟರೆ?

ಅದರಿಂದ ಹುಟ್ಟಿದ ಯಂತ್ರಕ್ಕೆ ದೊಡ್ಡ ಹೆಸರಿತ್ತು. ಎಲ್ಲರೂ ದಿಂಬು ಅನ್ನುತ್ತಿದ್ದರು, ಏಕೆಂದರೆ ಅದು ದಿಂಬಿನ ಹಾಗೇ ಇತ್ತು. ತಲೆ ಇಟ್ಟು ಒಂದು ವಾಸನೆಯನ್ನು ನೆನೆಸಿಕೊಂಡರೆ, ಆ ಹೊತ್ತಿನಲ್ಲಿ ಮಿದುಳಿನ ವಾಸನೆಯ ಭಾಗ ಹೇಗೆ ಮಿಡಿಯುತ್ತದೆಂದು ಅದು ಓದಿ ಅಚ್ಚು ತೆಗೆಯುತ್ತಿತ್ತು. ಆಮೇಲೆ ಕಿವಿಗೆ ಕೇಳದಷ್ಟು ಏರು ಕಂಪನದ ಶಬ್ದದ ಅಲೆಗಳಿಂದ ಅದೇ ಮಿಡಿತವನ್ನು ತಿರುಗಿ ಎಬ್ಬಿಸುತ್ತಿತ್ತು. ಮುಂಬೈನಿಂದ ಲಂಡನ್ನಿಗೆ ಹೋಗುವ ಶೇಟಜಿ ಬೇಳೆಸಾರು ಉಣ್ಣುವಾಗ ಅವರ ತಾಯಿಯ ಅಡುಗೆಮನೆಯ ವಾಸನೆ ಬರಬೇಕು. ಅದು ಗುರಿ.

ಪರೀಕ್ಷೆಗೆ ಮೂಗು ಸತ್ತ ಮನುಷ್ಯರು ಬೇಕಾಗಿದ್ದರು. ಹೊರಗಿನ ವಾಸನೆ ಬಂದು ಬೆರೆಯುವುದಿಲ್ಲ, ಓದು ಶುದ್ಧವಾಗಿರುತ್ತದೆ. ಸೂಚನಾಫಲಕದ ಚೀಟಿ ಓದಿ ಶಮೀಮಾ ಮೊದಲ ಸಲ ಕಚೇರಿಯಲ್ಲಿ ತನ್ನ ಗುಟ್ಟು ಹೇಳಿದಳು.

ಸೇವಾ ವಿಭಾಗದ ಮುಖ್ಯಸ್ಥೆ ಪ್ರಭಾ ಶೆಣೈ ಮಂಗಳೂರಿನವಳು. ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಅಯ್ಯೋ ಮಾರಾಯ್ರೆ! ಕ್ಯಾಬಿನ್ನಿನಲ್ಲಿ ಯಾವ ವಾಸನೆ ಬರಬಾರದು ಅಂತ ಪಟ್ಟಿ ಬರೆದದ್ದು ನೀವೇ ಅಲ್ವಾ? ಮೂಗಿಲ್ಲದವರ ಮಾತು ಕೇಳಿ ನಾವು ಮೀನು ಬಿಟ್ಟದ್ದಾ?"

"ನಾ ದೂರಿನ ಪತ್ರ ನೋಡಿ ಬರದಿದ್ದೆ, ಮೇಡಂ. ಅವುಕ್ಕ ಮೂಗಿತ್ತು" ಅಂದಳು ಶಮೀಮಾ.

ಹ್ಯಾಂಗರಿನೊಳಗೆ ಮೊದಲ ದರ್ಜೆಯ ಕ್ಯಾಬಿನ್ನಿನ ತುಂಡೊಂದನ್ನು ಕೂರಿಸಿದ್ದರು. ಎಂಟು ಆಸನ, ರೆಕ್ಕೆ ಇಲ್ಲ. ಒಂದನೇ ಸಾಲಿನ ಕಿಟಕಿಯ ಆಸನದಲ್ಲಿ ಶಮೀಮಾ ತಲೆ ಇಟ್ಟಳು. ಇಷ್ಟು ವರ್ಷ ಬೇರೆಯವರಿಗೆ ಹಾಸಿಕೊಟ್ಟ ಆಸನ. ಗಾಜಿನ ಆಚೆಯಿಂದ ಅನಂತಶಯನರು, "ಅಲುಗಾಡಬೇಡಿ ಮೇಡಂ. ಸಲೀಸಾದದ್ದು ಯಾವುದಾದ್ರೂ ಒಂದು ನೆನೆಸ್ಕೊಳ್ಳಿ" ಅಂದರು.

ಅವಳು ಗದಗ ಸ್ಟೇಷನ್ನಿನ ಮೆಣಸಿನಕಾಯಿ ಭಜಿ ನೆನೆಸಿಕೊಂಡಳು. ಯಂತ್ರ ಓದಿತು. ಎರಡು ನಿಮಿಷದ ಮೇಲೆ ತಿರುಗಿ ಕೊಟ್ಟಿತು.

ಅವಳು ಅಳಲಿಲ್ಲ. ಬಾಯಲ್ಲಿ ನೀರು ಬಂತು, ನುಂಗಿದಳು. ನೆನಪಿನ ವಾಸನೆ ಗೋಡೆಯ ಆಚೆಯ ಮಾತಿನಂತೆ ಇರುತ್ತದೆ. ಇದು ಎದುರಿಗೆ ಕೂತು ಮಾತಾಡಿದ ಹಾಗಿತ್ತು. ಬಿಸಿ ಎಣ್ಣೆ, ಕಡಲೆಹಿಟ್ಟು, ಓಂಕಾಳು. ಇಪ್ಪತ್ತೇಳು ವರ್ಷದ ನಂತರ.

"ಇನ್ನೊಮ್ಮೆ ಕೊಡ್ರಿ" ಅಂದಳು.

ಮನೆಗೆ ಬಂದಾಗ ಅವ್ವ ಕೊತ್ತಂಬರಿ ಸೋಸುತ್ತಿದ್ದಳು. "ಬಂದ್ಯಾ? ಇವತ್ತ ಏನ್ ಮೂಸಿ ಬಂದಿ?"

"ಭಜಿ, ಅವ್ವಾ. ನಮ್ಮ ಸ್ಟೇಷನ್ನಿನ ಭಜಿ."

"ಅಷ್ಟ್ ದೊಡ್ಡ ಕಂಪನಿ, ಖಾಲಿ ವಾಸನಿ ತೋರ್ಸಿ ಕಳಿಸ್ಯಾರ? ಒಂದ್ ಪ್ಲೇಟ್ ಕೈಯಾಗ ಇಡಲಿಲ್ಲಾ?"

ನಾಲ್ಕು ತಿಂಗಳಲ್ಲಿ ಹತ್ತು ವಾಸನೆಗಳ ಅಚ್ಚು ತೆಗೆದಾಯಿತು. ವಾರಕ್ಕೆ ಮೂರು ದಿನ ಅವಳು ಒಂದನೇ ಸಾಲಿನಲ್ಲಿ ಕೂರುತ್ತಿದ್ದಳು. ರೊಟ್ಟಿ ಬಂತು, ತಮ್ಮ ಕೂಸಾಗಿದ್ದಾಗಿನ ನೆತ್ತಿ ಬಂತು, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ ಓಣಿ ಬಂತು. ಅಪ್ಪನ ಅಂಗಡಿ, ಅಪ್ಪನ ಅಂಗಿ ಬಂದ ದಿನ ಊಟ ಬಿಟ್ಟು ಅಲ್ಲೇ ಕೂತಳು. ಅಪ್ಪ ಸತ್ತು ಹದಿನಾರು ವರ್ಷವಾಗಿತ್ತು. ಅವಳ ನಡೆ ಬದಲಾಯಿತು. ಲಿಫ್ಟಿನಲ್ಲಿ ಹಾಡು ಗುನುಗುತ್ತಿದ್ದಳು. ನಲವತ್ತೇಳರ ಹೆಂಗಸು ಯಾರನ್ನೋ ನೋಡಿಕೊಂಡಿದ್ದಾಳೆ ಎಂದು ತರಬೇತಿಗೆ ಬಂದ ಹುಡುಗಿಯರು ಮಾತಾಡಿಕೊಂಡರು.

ಹನ್ನೊಂದನೆಯದನ್ನು ಅವಳು ಉಳಿಸಿಕೊಂಡಿದ್ದಳು. ಅದು ಹಾಸ್ಟೆಲ್ಲಿನ ಗಾದಿ. ಕಾಲೇಜಿಗೆಂದು ಧಾರವಾಡಕ್ಕೆ ಹೊರಟಾಗ ಅಪ್ಪ ಹೊಸ ಹತ್ತಿಯ ಒಂದು ಗಾದಿ ಕಟ್ಟಿಕೊಟ್ಟಿದ್ದ. ಅವನದೊಂದು ಪದ್ಧತಿ ಇತ್ತು. ಯಾರ ಮನೆಗೆ ಹೊಸ ಗಾದಿ ಕಟ್ಟಿದರೂ ಅವರ ಹಳೆಯ ಗಾದಿಯಿಂದ ಒಂದು ಹಿಡಿ ಹತ್ತಿ ತೆಗೆದು ನಡುವೆ ಇಡುತ್ತಿದ್ದ. ಹಳೆ ಹಿಡಿ ಇಲ್ಲದಿದ್ದರೆ ಹೊಸ ಗಾದಿಯ ಮೇಲೆ ನಿದ್ದೆ ಹತ್ತುವುದಿಲ್ಲ ಎನ್ನುವುದು ಅವನ ವಾದ. ಅವಳ ಗಾದಿಗೆ, ಮನೆಮಂದಿಯೆಲ್ಲ ಮಲಗಿದ ಹಾಸಿಗೆಯಿಂದ ಒಂದು ಹಿಡಿ ಬಿದ್ದಿತ್ತು. ಹಾಸ್ಟೆಲ್ಲಿನ ಮೊದಲ ವಾರ ಅದಕ್ಕೆ ಮುಖ ಒತ್ತಿಕೊಂಡೇ ಮಲಗಿದ್ದಳು.

ಒಂದು ಭಾನುವಾರ ಬಟ್ಟೆ ಮಡಿಸುತ್ತ ಅಂದಳು, "ಅಪ್ಪನ ಅಂಗಿ ಎಷ್ಟ್ ಚಂದ ವಾಸನಿ ಬರ್ತಿತ್ತು ಅಲ್ಲಾ, ಅವ್ವಾ? ಹೊಸ ಹತ್ತಿ, ಒಂಚೂರು ಸಾಬೂನು."

ಅವ್ವ ತಲೆಯೆತ್ತಿದಳು. "ಯಾರ ಅಪ್ಪ?"

"ನಮ್ಮಪ್ಪ, ಇನ್ಯಾರು?"

"ನಿಮ್ಮಪ್ಪ ಹೊಸ್ತಲಾ ದಾಟೂಕಿಂತ ಮೊದಲ ಚಿಮಣಿ ಎಣ್ಣಿ ದಾಟಿ ಬರ್ತಿತ್ತು. ಹತ್ತಿ ಹಿಂಜೂ ಮಷಿನ್ ತೊಳೀಲಿಕ್ಕೆ ಅದ, ಕೈ ತೊಳೀಲಿಕ್ಕೂ ಅದ. ಮ್ಯಾಲ ಬೀಡಿ. ಅದರ ಮ್ಯಾಲ ಮಂದಿ ಹಾಸಗಿ ಧೂಳಾ. ಸಾಬೂನು ಅಂತ, ಸಾಬೂನು! ಆ ಮನಷ್ಯಾ ಏನ್ ನವಾಬ ಇದ್ನಾ?"

"ಇಲ್ಲವಾ, ನಾ ಮೊನ್ನೆ ಮೂಸೀನಿ. ಸೀಮೆಎಣ್ಣೆ ಇರಲಿಲ್ಲ."

"ನೀ ಮೂಸಿದ್ದು ಯಾವನ ಅಂಗಿನೋ ಏನೋ, ತಾಯೀ. ನಾ ಮೂವತ್ತಾರು ವರ್ಷ ಒಗದೀನಿ."

ಶಮೀಮಾ ನಕ್ಕಳು. ಆಮೇಲೆ ನಗು ನಿಂತಿತು. ಜಪಮಣಿ ತೆಗೆದುಕೊಂಡು ಅಪ್ಪನ ಅಂಗಿಯ ಮಣಿ ಹಿಡಿದಳು. ಹೊಸ ಹತ್ತಿ ಬಂತು. ಸಾಬೂನು ಬಂತು. ಸೀಮೆಎಣ್ಣೆಯನ್ನು ಕರೆದಳು, ಬರಲಿಲ್ಲ. ಟ್ರಂಕಿನ ತಳದಿಂದ ಹಳೆಯ ನೋಟುಬುಕ್ಕು ತೆಗೆದಳು. ಇಪ್ಪತ್ತರ ಹುಡುಗಿಯ ದುಂಡು ಅಕ್ಷರ: "ಅಪ್ಪನ ಅಂಗಿ. ಚಿಮಣಿ ಎಣ್ಣೆ, ಗಣೇಶ ಬೀಡಿ, ಬೆವರು, ಮಂದಿಯ ಹಳೆ ಹತ್ತಿಯ ಧೂಳು. ಕೊನೆಗೆ ಸ್ವಲ್ಪ ಸಾಬೂನು." ತಮ್ಮನ ನೆತ್ತಿಯ ಮುಂದೆ "ಹುಳಿ ಹಾಲು" ಎಂದಿತ್ತು. ಸ್ಟೇಷನ್ನಿನ ಭಜಿಯ ಮುಂದೆ "ಕರಿ ಎಣ್ಣೆ, ಹಳಿ, ಉಚ್ಚೆ" ಎಂದಿತ್ತು. ಅಕ್ಷರಗಳನ್ನು ಅವಳು ಓದಬಲ್ಲವಳಾಗಿದ್ದಳು. ಅಷ್ಟೇ.

ಸೋಮವಾರ ಬೆಳಗ್ಗೆ ನೋಟುಬುಕ್ಕನ್ನು ಅನಂತಶಯನರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಣೆಗೇರಿಸಿ ಓದಿದರು. ಪರದೆಯ ಮೇಲಿನ ಅಚ್ಚುಗಳ ಜೊತೆ ತಾಳೆ ನೋಡಿದರು. ಒಂದು ಗಂಟೆ ಹಿಡಿಯಿತು.

"ಇಲ್ಲೊಂದು ಜರಡಿ ಇದೆ ಮೇಡಂ" ಅಂದರು ಕೊನೆಗೆ. "ಓದುವಾಗಲೇ ಸೋಸತ್ತೆ. ಪ್ರಯಾಣಿಕರಿಗೆ ಕೆಟ್ಟ ವಾಸನೆ ತಲುಪಬಾರದು ಅಂತ ಸೇವಾ ವಿಭಾಗದೋರು ಒಂದು ಪಟ್ಟಿ ಕೊಟ್ರು, ನಮ್ಮ ಹುಡುಗರು ಹಾಗೇ ಕೂರಿಸಿಬಿಟ್ಟಿದಾರೆ. ಮೀನು, ಬೆಳ್ಳುಳ್ಳಿ, ಬೆವರು, ಹೊಗೆ, ಸೀಮೆಎಣ್ಣೆ, ಮಸಿ, ನುಸಿಗುಳಿಗೆ... ನಲವತ್ತೊಂದು ಇವೆ."

"ಸೋಸಿದ್ದು ಅಚ್ಚನ್ನ. ನನ್ನ ತಲ್ಯಾಗಿನ್ದು ಯಾಕ ಹೋತು?"

"ನೆನಪು ಒಂದು ಸಲ ಇಟ್ಟರೆ ಇಟ್ಟ ಹಾಗೇ ಇರಲ್ಲ. ತೆಗೆದ ಕೂಡಲೇ ಬಿಚ್ಚಿಕೊಳ್ಳತ್ತೆ, ಮತ್ತೆ ಕಟ್ಟಿಕೊಳ್ಳೋಕೆ ಐದಾರು ಗಂಟೆ ಬೇಕು. ನೀವು ಮನೇಲಿ ಸುಮ್ಮನೆ ನೆನೆಸ್ಕೊಂಡಾಗ ಹಳೇದೇ ಮತ್ತೆ ಕಟ್ಟಿಕೊಳ್ತಿತ್ತು. ಇಲ್ಲಿ ಬಿಚ್ಚಿದ ಹೊತ್ತಲ್ಲೇ ನಾವು ಸೋಸಿದ್ದನ್ನ ಅಷ್ಟು ಜೋರಾಗಿ ಕೊಟ್ವಲ್ಲ. ಅದು ಒಳಗೆ ಸೇರಿ ಹೊಲಿದುಹೋಯ್ತು. ಇದು ನನಗೆ ಮೊದಲೇ ಹೊಳೀಬೇಕಿತ್ತು."

ಅವಳಿಗೆ ಅರ್ಥವಾಯಿತು. ಗಾದಿ ಬಿಚ್ಚಿ ಹಿಂಜುವಾಗ ಹೊರಗೆ ಬಿದ್ದ ಹತ್ತಿ, ಹೊಲಿದ ಮೇಲೆ ಒಳಗೆ ಹೋಗುವುದಿಲ್ಲ.

"ಸೋಸದೇ ಇದ್ದಿದ್ದು ಎಲ್ಲಾದ್ರೂ ಉಳದೈತೇನ್ರಿ?"

"ಇಲ್ಲ. ಓದುವಾಗಲೇ ಬಿಟ್ಟಿದೆ."

ಅವಳು ಪರದೆಯತ್ತ ಬಾಗಿ ಪಟ್ಟಿ ನೋಡಿದಳು. ಸೇವಾ ಕೈಪಿಡಿ, ಏಳನೇ ಅಧ್ಯಾಯ. ಸಿದ್ಧಪಡಿಸಿದವರು: ಶ. ನದಾಫ.

ಏಳು ವರ್ಷದ ದೂರಿನ ಪತ್ರಗಳನ್ನು ಮುಂದಿಟ್ಟುಕೊಂಡು ಅವಳೇ ಕೂತು ಬರೆದದ್ದು. ಸೀಮೆಎಣ್ಣೆ ಹತ್ತೊಂಬತ್ತನೆಯದು. ಅದರ ಬಗ್ಗೆ ಒಂದೇ ಒಂದು ದೂರು ಬಂದಿತ್ತು, ಅದೂ ವಿಮಾನದ ಇಂಧನದ ವಾಸನೆಗೆ. ಪಟ್ಟಿ ತುಂಬಿದಂತೆ ಕಾಣಲಿ ಎಂದು ಸೇರಿಸಿದ್ದಳು.

ಮಧ್ಯಾಹ್ನ ಪ್ರಭಾ ಶೆಣೈಯ ಕೋಣೆಗೆ ಹೋದಳು. ಮೊದಲ ವಿಮಾನ ದಿಂಬಿನೊಂದಿಗೆ ಹೊರಡಲು ಒಂದು ತಿಂಗಳಿತ್ತು.

"ಜರಡಿ ತಗೀರಿ, ಮೇಡಂ. ನನಗ ಆದದ್ದು ಅವರಿಗೂ ಆಗ್ತೈತಿ. ತಾಯಿ ಅಡಗಿಮನಿ ನೆನಸ್ಕೊಂಡು ಕುಂತಾವ ಲಂಡನ್ನಿನಾಗ ಇಳಿಯೂದ್ರಾಗ ತಾಯಿನ್ನ ಅರ್ಧಾ ಕಳಕೊಂಡಿರ್ತಾನ. ಅವಗ ಗೊತ್ತೂ ಆಗೂದಿಲ್ಲ."

"ಲಕ್ಷಗಟ್ಟಲೆ ಕೊಟ್ಟು ಬಂದವರಿಗೆ ಬೀಡಿ ವಾಸನೆ ಕೊಡ್ಲಿಕ್ಕೆ ಆಗ್ತದಾ ಶಮೀಮಾ?"

"ಅದು ಅವರದ ಬೀಡಿ."

ಪ್ರಭಾ ಕೆಟ್ಟವಳಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. "ಸರಿ. ಜರಡಿ ತೆಗೆದ್ರೆ ನೆನಪು ಹಾಳಾಗುವುದಿಲ್ಲ ಅಂತ ಯಾರು ಹೇಳ್ತಾರೆ? ಹೇಗೂ ಹಾಳಾಗ್ತದೆ ಅಂತಾದ್ರೆ, ಒಳ್ಳೇ ವಾಸನೆಯಲ್ಲೇ ಹಾಳಾಗಲಿ ಅಲ್ವಾ? ನನಗೆ ರುಜುವಾತು ಬೇಕು."

ರುಜುವಾತಿಗೆ ಎರಡು ಬೇಕಾಗಿದ್ದವು. ಯಂತ್ರ ಇನ್ನೂ ಮುಟ್ಟದ, ಕೆಟ್ಟ ವಾಸನೆಗಳಿದ್ದ ಒಂದು ನೆನಪು. ಆ ವಾಸನೆಯನ್ನು ನಿಜವಾಗಿ ಮೂಸಿದ್ದ ಇನ್ನೊಬ್ಬ ಮನುಷ್ಯ. ಜರಡಿ ತೆಗೆದು ಆ ನೆನಪನ್ನು ಓದಬೇಕು, ಇನ್ನೊಬ್ಬರಿಗೆ ಕೊಡಬೇಕು, ಅವರು ಹೌದು ಅನ್ನಬೇಕು. ತಪ್ಪಿದರೆ ಆ ನೆನಪೂ ಹೋಯಿತು.

ಶಮೀಮಾಳ ಹತ್ತಿರ ಅಂಥದ್ದು ಒಂದೇ ಉಳಿದಿತ್ತು. ಅವಳನ್ನು ಬಿಟ್ಟರೆ ಅದನ್ನು ಮೂಸಿದವರಲ್ಲಿ ಬದುಕಿದ್ದವಳೂ ಒಬ್ಬಳೇ, ಅವ್ವ.

ಮೂರು ದಿನ ಅವಳು ಹ್ಯಾಂಗರಿಗೆ ಹೋಗಲಿಲ್ಲ. ದಿನಾ ಬೆಳಗ್ಗೆ ಹನ್ನೊಂದನೇ ಮಣಿ ಹಿಡಿದು ಕೂರುತ್ತಿದ್ದಳು. ಬರುತ್ತಿತ್ತು, ಮಸುಕಾಗಿ, ಗೋಡೆಯ ಆಚೆಯಿಂದ. ಹೀಗೇ ಇಟ್ಟುಕೊಂಡು ಸಾಯಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಆ ನಲವತ್ತೊಂದರ ಕೆಳಗೆ ಅವಳ ಹೆಸರಿತ್ತು.

ನಾಲ್ಕನೇ ದಿನ, "ಅವ್ವಾ, ನಾಳೆ ವಿಮಾನದಾಗ ಕುಂದರ್ತಿ?" ಎಂದು ಕೇಳಿದಳು.

"ಹಾರತೈತೇನು?"

"ಇಲ್ಲ."

"ಹಂಗಾರ ಬರ್ತೀನಿ."

ಬೆಳಗ್ಗೆ ಮೊದಲು ಶಮೀಮಾ ತಲೆ ಇಟ್ಟಳು. ಅನಂತಶಯನರು ಜರಡಿ ತೆಗೆದದ್ದನ್ನು ಎರಡು ಸಲ ನೋಡಿಕೊಂಡರು. ಹಾಸ್ಟೆಲ್ಲಿನ ಗಾದಿ ನೆನೆಸಿಕೊಂಡಳು. ಯಂತ್ರ ಓದಿತು, ತಿರುಗಿ ಕೊಟ್ಟಿತು. ಅವಳು ಮೂಗು ಸಿಂಡರಿಸಿದಳು. ಆದರೆ ಅದು ಸರಿಯೋ ತಪ್ಪೋ ಹೇಳುವ ಹಕ್ಕು ಈಗ ಅವಳಿಗಿರಲಿಲ್ಲ. ಹತ್ತರಲ್ಲಿ ಜರಡಿಗೆ ಸಿಕ್ಕಿ ಹೋದ ಏಳೂ ಅವಳಿಗೆ ಸರಿಯಾಗಿಯೇ ಕಂಡಿದ್ದವು.

ಆಮೇಲೆ ಅವ್ವ ಬಂದಳು. ಹೊಸ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಒಂದನೇ ಸಾಲಿನ ಆಸನದ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಫೋಮು" ಅಂದಳು ತಾತ್ಸಾರದಿಂದ. "ಇಷ್ಟ್ ರೊಕ್ಕಾ ತಗೊಂಡು ಹತ್ತಿ ಹಾಕಾಕ ಏನ್ ಧಾಡಿ?" ಪ್ರಭಾ ತಾನೇ ಬಿಸಿ ಟವೆಲ್ಲು ತಂದು ಕೊಟ್ಟಳು.

"ಇದೇನವಾ, ಮಾರಿ ಒರಸಾಕಾ? ನಾ ಜಳಕಾ ಮಾಡೇ ಬಂದೇನಿ."

ಯಾವ ವಾಸನೆ ಬರುತ್ತದೆಂದು ಅವಳಿಗೆ ಹೇಳಿರಲಿಲ್ಲ. ಅವ್ವ ತಲೆ ಇಟ್ಟು ಕಣ್ಣು ಮುಚ್ಚಿದಳು. ಗಾಜಿನ ಆಚೆ ಅನಂತಶಯನರು ಗುಂಡಿ ಒತ್ತಿದರು.

ಮೊದಲು ಏನೂ ಆಗಲಿಲ್ಲ. ಶಮೀಮಾ ಅವ್ವನ ಮುಖವನ್ನೇ ನೋಡುತ್ತಿದ್ದಳು, ಒಲೆ ಸೀಯುವಾಗ ಜೊತೆಯವರ ಮುಖ ನೋಡುತ್ತಿದ್ದ ಹಾಗೆ. ಅವ್ವನ ಹುಬ್ಬು ಗಂಟಾಯಿತು. ಸೆರಗು ಮೂಗಿಗೆ ಹೋಯಿತು. ಕಣ್ಣು ಬಿಡದೆಯೇ, ಸಿಟ್ಟಿನಲ್ಲಿ, ಎದುರಿಗೆ ಯಾರೋ ನಿಂತಿದ್ದಾರೆಂಬಂತೆ ಅಂದಳು:

"ಥೂ, ಕೈ ತೊಳ್ಕೊಂಡು ಮುಟ್ಟರಿ ಅಂತ ಎಷ್ಟ್ ಸಲ ಹೇಳೂದ್ರೀ ನಿಮಗ? ಚಿಮಣಿ ಎಣ್ಣಿ ಕೈ! ಹುಡುಗಿ ಹಾಸ್ಟೆಲ್ಲಿಗೆ ಒಯ್ಯೂ ಗಾದಿ ಐತಿ ಅದು. ಮ್ಯಾಲ ಆ ಹಳೆ ಹಾಸಗಿ ಉಚ್ಚಿ ಹತ್ತಿ ಬ್ಯಾರೆ ಹಾಕೀರಿ, ನೋಡಿದವರು ನಗಬೇಕು."

ಅವ್ವ ಕಣ್ಣು ಬಿಟ್ಟಳು. ಆಸನ, ಟವೆಲ್ಲು, ಪ್ರಭಾ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಇಷ್ಟೇ ಏನು?" ಅಂದಳು. ಆಮೇಲೆ, ಸಣ್ಣ ದನಿಯಲ್ಲಿ, "ಇನ್ನೊಮ್ಮೆ ಬರ್ತೈತೇನು?"

ಮರುದಿನ ಬೆಳಗ್ಗೆ ನಮಾಜಿನ ನಂತರ ಶಮೀಮಾ ಹನ್ನೊಂದನೇ ಮಣಿ ಹಿಡಿದಳು. ಸೀಮೆಎಣ್ಣೆ ಬಂತು. ಹಳೆ ಹಿಡಿಯೂ ಬಂತು. ಅಲ್ಲಿಂದ ಹಿಂದಕ್ಕೆ ಸರಿದು ಅಪ್ಪನ ಅಂಗಿಯ ಮಣಿ ಹಿಡಿದಳು. ಹೊಸ ಹತ್ತಿ, ಸಾಬೂನು. ಒಂದರ ಸೀಮೆಎಣ್ಣೆಯನ್ನು ಇನ್ನೊಂದಕ್ಕೆ ಹಚ್ಚಲು ಆಗುವುದಿಲ್ಲ. ಹೊರಗಿನಿಂದ ಕೊಂಡು ತರೋಣವೆಂದರೆ ಈಗ ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ, ಸಿಕ್ಕರೂ ಅವಳಿಗೆ ಮೂಗಿಲ್ಲ.

ಪ್ರಭಾ ಜರಡಿ ತೆಗೆಸಿದಳು. ಏಳನೇ ಅಧ್ಯಾಯ ಊಟದ ಗಾಡಿಗೆ ಮಾತ್ರ ಉಳಿಯಿತು, ದಿಂಬಿಗೆ ಅನ್ವಯಿಸುವುದಿಲ್ಲವೆಂದು ಶಮೀಮಾ ಕೆಳಗೆ ಒಂದು ಸಾಲು ಸೇರಿಸಿದಳು. ಮೂರು ವಾರ ತಡವಾಗಿ ಮೊದಲ ವಿಮಾನ ಹೊರಟಿತು. ನಾಲ್ಕನೇ ದಿನ ಒಂದು ದೂರು ಬಂತು. ಅಜ್ಜಿಯ ಅಡುಗೆಮನೆ ನೆನೆಸಿಕೊಂಡರೆ ಒಣಮೀನಿನ ವಾಸನೆ ಬಂತು, ಇದೇನು ಮೊದಲ ದರ್ಜೆಯೇ, ಎಂದು ಒಬ್ಬರು ಬರೆದಿದ್ದರು. ಶಮೀಮಾ ಒಂದೇ ಸಾಲಿನ ಉತ್ತರ ಕಳಿಸಿದಳು: "ಆ ಮೀನು ನಮ್ಮದಲ್ಲ, ನಿಮ್ಮದು. ಇಟ್ಟುಕೊಳ್ಳಿ."

ಹನ್ನೊಂದು ಇದ್ದವು. ರೊಟ್ಟಿ, ಅತ್ತರು, ಶಾಲೆಯ ಸೀಮೆಸುಣ್ಣ, ಈ ಮೂರರಲ್ಲಿ ಪಟ್ಟಿಯ ಯಾವುದೂ ಇರದ ಕಾರಣ ಅವು ಉಳಿದವು. ಗಾದಿ ಉಳಿಯಿತು. ಹೋದವು ಏಳು: ಸ್ಟೇಷನ್ನಿನ ಭಜಿ, ತಮ್ಮನ ನೆತ್ತಿ, ಅಜ್ಜಿಯ ಟ್ರಂಕು, ಪ್ರೆಸ್ಸಿನ ಓಣಿ, ಹಾಸ್ಟೆಲ್ಲಿನ ಊಟದ ಮನೆ, ಅಪ್ಪನ ಅಂಗಡಿ, ಅಪ್ಪನ ಅಂಗಿ.